ರಾಂಡಿ ರೋಡ್ಸ್: ಕೊನೆಯವರೆಗೂ ಶಿಷ್ಯನಾಗಿದ್ದ ಗಿಟಾರ್ ವಾದಕ

ವಾದ್ಯ ನುಡಿಸುವವನ ವಿದ್ಯೆ ಒಂದು, ಆ ವಾದ್ಯದಿಂದ ಹೊರಡುವ ನಾದದ ಗುಣ ಇನ್ನೊಂದು. ಯಕ್ಷಗಾನ ನೋಡಿ ಬೆಳೆದ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ತಾಳಜ್ಞಾನವನ್ನೂ ರಂಗದ ಹಿಡಿತವನ್ನೂ ತಲೆದೂಗಿ ಒಪ್ಪಿಕೊಂಡವರೇ, ಕಂಠ ಮಾತ್ರ ತಮಗೆ ಹಿಡಿಸದು ಎಂದು ಹೇಳುವುದುಂಟು. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿಯೂ ಇಂಥ ಮಾತಿಗೆ ಗುರಿಯಾದ ಕಲಾವಿದರಿದ್ದಾರೆ. ಅಂಥವರಲ್ಲಿ ಅಮೆರಿಕದ ರಾಂಡಿ ರೋಡ್ಸ್ ಒಬ್ಬ. ಆತನ ಬೆರಳುಗಳ ಚಳಕಕ್ಕೆ ತಲೆಬಾಗುವವರಲ್ಲಿಯೇ ಹಲವರು, ಗಿಟಾರಿನ ದನಿ ಮಾತ್ರ ತೆಳು, ಜೇನ್ನೊಣಗಳ ಗುಂಯ್‌ಗುಡುವಿಕೆಯಂತೆ ಕಿವಿ ಕೊರೆಯುತ್ತದೆ ಎಂದು ಆಕ್ಷೇಪಿಸುತ್ತಾರೆ. ಆತ ತೀರಿಕೊಂಡು 40 ವರ್ಷ ಕಳೆದರೂ ಈ ಚರ್ಚೆ ನಿಂತಿಲ್ಲ.

ರಾಂಡಿ ಹುಟ್ಟಿದ್ದು 1956ನೇ ಇಸವಿ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ. ತಂದೆ ತಾಯಿ ಇಬ್ಬರೂ ಸಂಗೀತದ ಅಧ್ಯಾಪಕರು. ಮೂವರು ಮಕ್ಕಳಲ್ಲಿ ಈತನೇ ಕಿರಿಯವನು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಮನೆ ಬಿಟ್ಟು ಹೋದರು. ತಾಯಿ ಡೆಲೋರೆಸ್ ಎದೆಗುಂದಲಿಲ್ಲ. ನಾರ್ತ್ ಹಾಲಿವುಡ್‌ನಲ್ಲಿ ಅವರು ನಡೆಸುತ್ತಿದ್ದ ಮ್ಯೂಸೋನಿಯಾ ಎಂಬ ಪುಟ್ಟ ಸಂಗೀತ ಶಾಲೆಯೇ ಸಂಸಾರಕ್ಕೆ ಆಧಾರವಾಯಿತು. ಮನೆಯಲ್ಲಿ ಹಾಡು ಕೇಳುವ ಯಂತ್ರವೇ ಇರಲಿಲ್ಲವಂತೆ. ಮಕ್ಕಳು ಸಂಗೀತ ಬೇಕಾದರೆ ತಾವೇ ನುಡಿಸಿಕೊಳ್ಳಬೇಕಿತ್ತು. ಈ ಬಡತನವೇ ಒಂದು ಬಗೆಯ ಭಾಗ್ಯವಾಯಿತೆನ್ನಬೇಕು.

ಸುಮಾರು ಏಳನೆಯ ವಯಸ್ಸಿನಲ್ಲಿ ಬಾಲಕನ ಕೈಗೆ ಅಜ್ಜನ ಹಳೆಯ ಗಿಬ್ಸನ್ ಗಿಟಾರ್ ಬಂತು. ಪಾಠ ತಾಯಿಯ ಶಾಲೆಯಲ್ಲಿಯೇ. ಸ್ವರಲಿಪಿ ಓದುವುದನ್ನು ಕಲಿಯಲೆಂದು ತಾಯಿ ಪಿಯಾನೋ ಅಭ್ಯಾಸವನ್ನೂ ಮಾಡಿಸಿದರು. ಕೆಲವೇ ವರ್ಷಗಳಲ್ಲಿ, ವಿದ್ಯುತ್ ಗಿಟಾರ್ ಕಲಿಸುತ್ತಿದ್ದ ಗುರು ತಾಯಿಯ ಬಳಿಗೆ ಬಂದು, ಹುಡುಗನಿಗೆ ಇನ್ನು ಕಲಿಸಲು ತನ್ನಲ್ಲಿ ಏನೂ ಉಳಿದಿಲ್ಲವೆಂದು ಒಪ್ಪಿಕೊಂಡರು. ಯಾವ ಅಧ್ಯಾಪಕನಿಗೂ ಈ ಮಾತು ಆಡುವುದು ಸುಲಭವಲ್ಲ. ಆದರೆ ಆಡುವ ಅವಕಾಶ ಸಿಕ್ಕಿದವನು ಪುಣ್ಯವಂತ.

1971ರಲ್ಲಿ ಆಲಿಸ್ ಕೂಪರ್ ಎಂಬ ಗಾಯಕನ ಕಾರ್ಯಕ್ರಮವನ್ನು ಕಂಡ ಮೇಲೆ ಹುಡುಗನ ದಾರಿ ನಿಶ್ಚಯವಾಯಿತು. ಗೆಳೆಯ ಕೆಲ್ಲಿ ಗಾರ್ನಿಗೆ ತಾನೇ ಬಾಸ್ ಗಿಟಾರ್ ಕಲಿಸಿ ಜತೆಗೆ ಸೇರಿಸಿಕೊಂಡನು. ಗಾಯಕ ಕೆವಿನ್ ಡುಬ್ರೋ ಬಂದ ಮೇಲೆ 1975ರ ಹೊತ್ತಿಗೆ ಕ್ವಯಟ್ ರಯಟ್ ಎಂಬ ತಂಡ ರೂಪುಗೊಂಡಿತು. ಲಾಸ್ ಏಂಜಲೀಸ್‌ನ ಕ್ಲಬ್ಬುಗಳಲ್ಲಿ ತಂಡಕ್ಕೆ ಹೆಸರು ಬಂದಿತಾದರೂ ಅಮೆರಿಕದ ಧ್ವನಿಮುದ್ರಿಕೆ ಕಂಪೆನಿಗಳು ಕಣ್ಣೆತ್ತಿ ನೋಡಲಿಲ್ಲ. 1978ರಲ್ಲಿ ಹೊರಬಂದ ಮೊದಲ ಎರಡು ಮುದ್ರಿಕೆಗಳೂ ಜಪಾನಿನಲ್ಲಿ ಮಾತ್ರ ಮಾರಾಟವಾದವು.

ಈ ವರ್ಷಗಳಲ್ಲಿ ರಾಂಡಿ ರಾತ್ರಿ ವೇದಿಕೆಯ ಕಲಾವಿದ, ಹಗಲು ಅಧ್ಯಾಪಕ. ತಾಯಿಯ ಶಾಲೆಯ ಕೊಠಡಿಯಲ್ಲಿ ಕುಳಿತು ಒಬ್ಬರಾದ ಮೇಲೊಬ್ಬರಂತೆ ಬರುವ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿದ್ದನು. ಶಿಷ್ಯರು ಕೇಳಿದ ಹಾಡುಗಳನ್ನು ತಾನೂ ಕಲಿತು, ಅವರ ತಪ್ಪುಗಳನ್ನು ತಿದ್ದುತ್ತಾ, ತನ್ನ ಕೈಯನ್ನೂ ಸಾಪು ಮಾಡಿಕೊಂಡನು. ಕಲಿಸುವುದೇ ಕಲಿಯುವ ದಾರಿ ಎಂಬುದು ಆತನ ಬಾಳಿನಲ್ಲಿ ಗಾದೆಯ ಮಾತಾಗಿ ಉಳಿಯದೆ ದಿನಚರಿಯೇ ಆಗಿತ್ತು.

1979ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್ ಸ್ಯಾಬತ್ ತಂಡದಿಂದ ಹೊರಹಾಕಲ್ಪಟ್ಟ ಗಾಯಕ ಆಜಿ ಆಸ್‌ಬರ್ನ್ ಹೊಸ ತಂಡ ಕಟ್ಟಲು ಗಿಟಾರ್ ವಾದಕನನ್ನು ಹುಡುಕುತ್ತಿದ್ದರು. ಪರಿಚಯದವರ ಒತ್ತಾಯಕ್ಕೆ ಮಣಿದು ರಾಂಡಿ ಒಂದು ಪುಟ್ಟ ಆಂಪ್ಲಿಫೈಯರ್ ಹೊತ್ತು ಹೋದನು. ಗಾಯಕರು ಕುಡಿದ ಅಮಲಿನಲ್ಲಿದ್ದರು. ಈತ ಶ್ರುತಿ ಸರಿಮಾಡಿಕೊಂಡು, ಬೆರಳು ಬೆಚ್ಚಗಾಗಲೆಂದು ಒಂದಿಷ್ಟು ಅಭ್ಯಾಸದ ಸ್ವರಗಳನ್ನು ನುಡಿಸುವಷ್ಟರಲ್ಲಿಯೇ ಕೆಲಸ ಸಿಕ್ಕಿಬಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ಆತ ಇಂಗ್ಲೆಂಡಿಗೆ ಹೊರಟನು. ಸರೆ ಪ್ರಾಂತದ ರಿಡ್ಜ್ ಫಾರ್ಮ್ ಸ್ಟುಡಿಯೋದಲ್ಲಿ ಬಾಬ್ ಡೇಯ್ಸ್‌ಲಿ ಹಾಗೂ ಲೀ ಕರ್ಸ್‌ಲೇಕ್ ಅವರ ಜತೆಗೂಡಿ ಮುದ್ರಿಸಿದ ಬ್ಲಿಝರ್ಡ್ ಆಫ್ ಆಝ್ 1980ರಲ್ಲಿಯೂ, ಡೈರಿ ಆಫ್ ಎ ಮ್ಯಾಡ್‌ಮ್ಯಾನ್ 1981ರಲ್ಲಿಯೂ ಹೊರಬಂದವು. ರಾಂಡಿಯ ಕೀರ್ತಿಯ ಬಹುಭಾಗ ನಿಂತಿರುವುದು ಈ ಎರಡರ ಮೇಲೆಯೇ. ಆಕ್ಷೇಪವೂ ಇವುಗಳದ್ದೇ.

ಆ ದನಿ ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯಬೇಕು. ವಿದ್ಯುತ್ ಗಿಟಾರಿನ ತಂತಿಯ ಕಂಪನ ವಿದ್ಯುತ್ತಿನ ಅಲೆಯಾಗಿ ಆಂಪ್ಲಿಫೈಯರ್ ಸೇರುತ್ತದೆ. ಅಲೆಯ ತುದಿಯನ್ನು ಕತ್ತರಿಸಿದರೆ ದನಿ ಒರಟಾಗುತ್ತದೆ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ರಾಕ್ ಸಂಗೀತಗಾರರಿಗೆ ಬೇಕಾದುದು ಈ ಒರಟುತನವೇ. ರಾಂಡಿ ಇದಕ್ಕಾಗಿ ಎಂ.ಎಕ್ಸ್.ಆರ್. ಕಂಪೆನಿಯ ಡಿಸ್ಟಾರ್ಶನ್ ಪ್ಲಸ್ ಎಂಬ ಪುಟ್ಟ ಹಳದಿ ಪೆಟ್ಟಿಗೆಯನ್ನು ಕಾಲಬುಡದಲ್ಲಿರಿಸಿಕೊಳ್ಳುತ್ತಿದ್ದನು. ಅದರೊಳಗಿನ ಜರ್ಮೇನಿಯಂ ಡಯೋಡುಗಳು ಅಲೆಯನ್ನು ಕತ್ತರಿಸಿ, 100 ವಾಟಿನ ಮಾರ್ಷಲ್ ಆಂಪ್ಲಿಫೈಯರಿಗೆ ಕಳುಹಿಸುತ್ತಿದ್ದವು. ಹೀಗೆ ಬಂದ ದನಿಯಲ್ಲಿ ನಡುವಿನ ಮತ್ತು ಮೇಲಿನ ಸ್ವರಾಂಶ ಚುರುಕಾಗಿರುತ್ತಿತ್ತು. ತಗ್ಗಿನ ತುಂಬುತನ ಕಡಿಮೆ.

ಇದರ ಮೇಲೆ ಇನ್ನೊಂದು ಕ್ರಮ. ಒಂದೇ ಭಾಗವನ್ನು ಎರಡು ಸಲ, ಎಷ್ಟೋ ಕಡೆ ಮೂರು ಸಲ ಬೇರೆ ಬೇರೆಯಾಗಿ ನುಡಿಸಿ ಮುದ್ರಿಸಿ ಒಂದರ ಮೇಲೊಂದು ಕೂಡಿಸುತ್ತಿದ್ದರು. ಮನುಷ್ಯನ ಕೈ ಎಷ್ಟೇ ಪಳಗಿದರೂ ಮೂರು ಸಲದ ನುಡಿಕೆ ಕೂದಲೆಳೆಯಷ್ಟಾದರೂ ಬೇರೆಯಾಗಿಯೇ ಆಗುತ್ತದೆ. ಆ ಕೂದಲೆಳೆಯ ಅಂತರವೇ ಕೆಲವರ ಕಿವಿಗೆ ಮಿನುಗು, ಕೆಲವರಿಗೆ ಗುಂಯ್‌ಗುಡುವಿಕೆ. ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ನಿಧಾನದ ರಾಗವನ್ನು ಮೂರು ಸಲ ಒಂದೇ ತೆರನಾಗಿ ನುಡಿಸಬಹುದು. ಮಿಂಚಿನ ವೇಗದ ಸ್ವರಪುಂಜಗಳನ್ನು ಬೆರಳಿನ ಪ್ರತಿ ಜಾರಿಕೆಯ ಸಹಿತ ಹಾಗೆ ನುಡಿಸಬೇಕಾದರೆ ಅಸಾಮಾನ್ಯ ಸಾಧನೆ ಬೇಕು. ಯಾವ ದನಿಯನ್ನು ಜನ ದೂರುತ್ತಾರೋ ಅದೇ ದನಿ ಆತನ ಪಾಂಡಿತ್ಯಕ್ಕೆ ಸಾಕ್ಷಿಯೂ ಆಗಿದೆ. ಕಡಿಮೆ ಬಲ್ಲವನು ಅಂಥ ದನಿಯನ್ನು ತರಲಾರನು.

ಆ ಗದ್ದಲದ ನಡುವೆಯೂ ತಾಯಿಯ ಶಾಲೆಯ ಪಾಠ ಮರೆತುಹೋಗಿರಲಿಲ್ಲ. ಮೊದಲ ಮುದ್ರಿಕೆಯಲ್ಲಿ ಡೀ ಎಂಬ, ಒಂದು ನಿಮಿಷವೂ ಇಲ್ಲದ ಪುಟ್ಟ ಕೃತಿಯಿದೆ. ಅದರಲ್ಲಿ ಯಂತ್ರದ ಅಬ್ಬರವಿಲ್ಲ, ಬರಿಯ ಶಾಸ್ತ್ರೀಯ ಗಿಟಾರ್. ಅದು ತಾಯಿ ಡೆಲೋರೆಸ್ ಅವರಿಗೆ ಮಗನ ಕಾಣಿಕೆ. ಎರಡನೆಯ ಮುದ್ರಿಕೆಯ ಹೆಸರಿನ ಹಾಡಿನ ಆರಂಭದಲ್ಲಿ ಕ್ಯೂಬಾದ ಲಿಯೋ ಬ್ರೌವರ್ ಅವರ ಅಭ್ಯಾಸಕೃತಿಯ ನೆರಳನ್ನು ಬಲ್ಲವರು ಗುರುತಿಸಿದ್ದಾರೆ. ರಾಂಡಿಯ ದನಿಯನ್ನು ಒಪ್ಪದವರೂ ಈ ಭಾಗಗಳಿಗೆ ಬಂದಾಗ ಸುಮ್ಮನಾಗುತ್ತಾರೆ.

1981ರ ಕೊನೆಗೆ ಅಮೆರಿಕದ ಗಿಟಾರ್ ಪ್ಲೇಯರ್ ಪತ್ರಿಕೆಯ ಓದುಗರು ಆತನನ್ನು ಹೊಸ ಪ್ರತಿಭೆಗಳಲ್ಲಿ ಮೊದಲಿಗನೆಂದು ಆರಿಸಿದರು. ಆತನ ಕಲ್ಪನೆಯಂತೆ ಗ್ರೋವರ್ ಜಾಕ್ಸನ್ ಮಾಡಿಕೊಟ್ಟ ಕೋನಾಕಾರದ ಗಿಟಾರ್ ಮುಂದೆ ಆತನ ಹೆಸರಿನಲ್ಲಿಯೇ ಪ್ರಸಿದ್ಧವಾಯಿತು. ಬೇರೆಯವನಾಗಿದ್ದರೆ ಇಷ್ಟಕ್ಕೆ ತೃಪ್ತನಾಗಿ ಬಿಡುತ್ತಿದ್ದನೇನೋ. ರಾಂಡಿ ಮಾತ್ರ ಸಂಚಾರದಲ್ಲಿ ಊರೂರಿಗೆ ಇಳಿದೊಡನೆ ಅಲ್ಲಿಯ ಶಾಸ್ತ್ರೀಯ ಗಿಟಾರ್ ಗುರುಗಳನ್ನು ಹುಡುಕಿ, ಶುಲ್ಕ ಕೊಟ್ಟು ಪಾಠಕ್ಕೆ ಕುಳಿತುಕೊಳ್ಳುತ್ತಿದ್ದನು. ಕೆಲವೊಮ್ಮೆ ಗುರುವಿಗೇ ಪಾಠ ಹೇಳಿ ಬಂದದ್ದೂ ಉಂಟಂತೆ. ತುಂಬಿದ ಸಭೆ, ಕೈತುಂಬ ಹಣ ಇವನ್ನೆಲ್ಲ ಬಿಟ್ಟು ವಿಶ್ವವಿದ್ಯಾನಿಲಯ ಸೇರಿ ಶಾಸ್ತ್ರೀಯ ಗಿಟಾರಿನಲ್ಲಿ ಪದವಿ ಪಡೆಯಬೇಕೆಂಬ ಆಸೆಯನ್ನು ಆತ ಆಪ್ತರಲ್ಲಿ ತೋಡಿಕೊಂಡಿದ್ದನು.

ವಿಧಿ ಅದಕ್ಕೆ ಎಡೆಗೊಡಲಿಲ್ಲ. 1982ರ ಮಾರ್ಚ್ 18ರಂದು ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಕಾರ್ಯಕ್ರಮ ಮುಗಿಸಿ ತಂಡದ ಬಸ್ಸು ಫ್ಲೋರಿಡಾದತ್ತ ಹೊರಟಿತು. ಮರುದಿನ ಬೆಳಗ್ಗೆ ಲೀಸ್‌ಬರ್ಗ್ ಎಂಬಲ್ಲಿ, ವಿಮಾನ ಇಳಿಯುವ ಪುಟ್ಟ ಪಟ್ಟಿಯಿದ್ದ ಜಾಗದಲ್ಲಿ ಬಸ್ಸು ನಿಂತಿತು. ಬಸ್ಸಿನ ಚಾಲಕ ಮೊದಲು ವಿಮಾನ ನಡೆಸಿದವನು. ಅಲ್ಲಿದ್ದ ಪುಟ್ಟ ವಿಮಾನವೊಂದನ್ನು ಅನುಮತಿ ಇಲ್ಲದೆ ತೆಗೆದು ತಂಡದವರನ್ನು ಸುತ್ತಾಡಿಸತೊಡಗಿದನು. ಎರಡನೆಯ ಸುತ್ತಿಗೆ ರಾಂಡಿಯೂ ತಂಡದ ಪ್ರಸಾಧನ ನೋಡಿಕೊಳ್ಳುತ್ತಿದ್ದ ರೇಚಲ್ ಯಂಗ್‌ಬ್ಲಡ್ ಎಂಬಾಕೆಯೂ ಏರಿದರು. ಚಾಲಕ ವಿಮಾನವನ್ನು ಬಸ್ಸಿನ ಮೇಲೆಯೇ ತೀರ ತಗ್ಗಿನಲ್ಲಿ ಹಾರಿಸಲು ಹೋದಾಗ ರೆಕ್ಕೆ ಬಸ್ಸಿಗೆ ತಗಲಿತು. ವಿಮಾನ ಹತ್ತಿರದ ಮನೆಯ ಕಾರುಕೊಠಡಿಗೆ ಅಪ್ಪಳಿಸಿ ಉರಿಯಿತು. ಮೂವರೂ ಸತ್ತರು. ಚಾಲಕನ ದೇಹದಲ್ಲಿ ಕೊಕೇನ್ ಇದ್ದುದು ಪರೀಕ್ಷೆಯಿಂದ ತಿಳಿದುಬಂತು. ರಾಂಡಿಗೆ ಆಗ 25 ವರ್ಷ.

ಮುಂದಿನ ವರ್ಷವೇ ಆತನ ಹಳೆಯ ತಂಡ ಕ್ವಯಟ್ ರಯಟ್ ಹೊರತಂದ ಮುದ್ರಿಕೆ ಅಮೆರಿಕದ ಮಾರಾಟ ಪಟ್ಟಿಯ ತುದಿಗೇರಿತು. 1987ರಲ್ಲಿ ರಾಂಡಿಯ ನೇರ ಕಾರ್ಯಕ್ರಮಗಳ ಮುದ್ರಿಕೆ ಟ್ರಿಬ್ಯೂಟ್ ಹೊರಬಂತು. ವೇದಿಕೆಯಲ್ಲಿ ಮೂರು ಸಲದ ಹೊದಿಕೆ ಇಲ್ಲ, ಒಂದೇ ಗಿಟಾರ್, ಒಂದೇ ಕೈ. ಸ್ಟುಡಿಯೋದ ದನಿ ರುಚಿಸದ ಕೆಲವರು ಇದನ್ನು ಕೇಳಿ ಮನಸ್ಸು ಬದಲಿಸಿದ್ದಾರೆ, ಬದಲಿಸದವರೂ ಇದ್ದಾರೆ. 2021ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಂಸ್ಥೆ ಆತನಿಗೆ ಮರಣೋತ್ತರ ಗೌರವ ಸಲ್ಲಿಸಿತು. ಅದನ್ನು ಕಾಣಲು ಡೆಲೋರೆಸ್ ಇರಲಿಲ್ಲ. ಮಗನಿಗಿಂತ 30 ವರ್ಷ ಹೆಚ್ಚು ಕಾಲ ಬದುಕಿದ ಆ ತಾಯಿ 2012ರಲ್ಲಿ ಕಣ್ಮುಚ್ಚಿದ್ದರು.

ಕಿವಿಗೆ ಹಿಡಿಸದ ದನಿಯನ್ನು ಹಿಡಿಸಿತೆನ್ನಬೇಕಾದ ಅಗತ್ಯ ಯಾರಿಗೂ ಇಲ್ಲ. ಆದರೆ 25ರ ಹರೆಯದಲ್ಲಿ ನಿಂತುಹೋದ ಕಲಾವಿದನ ದನಿಯನ್ನು ಕೊನೆಯ ಮಾತೆಂದು ತೀರ್ಮಾನಿಸುವುದೂ ಸರಿಯಲ್ಲ. ಕಲಿಯುತ್ತಿರುವ ಹುಡುಗನ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗೆ ನಾವು ಅಂಕ ಕೊಡಬಹುದು. ಅದನ್ನು ಆತನ ಬಾಳಿನ ಫಲಿತಾಂಶವೆಂದು ಹಲಗೆಗೆ ಅಂಟಿಸಲಾಗದು. ರಾಂಡಿ ರೋಡ್ಸ್ ನಮಗೆ ಬಿಟ್ಟುಹೋದುದು ಅಂಥ ಎರಡು ಪತ್ರಿಕೆಗಳನ್ನು. ಮುಂದಿನ ತರಗತಿಗೆ ಹೋಗಬೇಕೆಂದು ಆತ ಪುಸ್ತಕ ಜೋಡಿಸಿಕೊಳ್ಳುತ್ತಿದ್ದನು.