ಬಸರಾದ ಮಾಲಿಕ್ ದೀನಾರ್, ಕರಾವಳಿಯ ಮಾಲಿಕ್ ದೀನಾರ್

ಮಾಲಿಕ್ ದೀನಾರ್ ಅಂದ ಕೂಡಲೇ ನಮ್ಮ ಬ್ಯಾರಿ ಮನೆಗಳಲ್ಲಿ ನೆನಪಾಗುವುದು ಕಾಸರಗೋಡಿನ ತಳಂಗರೆ. ಆದರೆ ಉರೂಸಿನ ವೇದಿಕೆಯಲ್ಲೂ ಮದ್ರಸದ ಪಾಠದಲ್ಲೂ ಕೇಳಿಬರುವ ಎಷ್ಟೋ ಘಟನೆಗಳು ತಳಂಗರೆಯವಲ್ಲ, ಇರಾಕಿನ ಬಸರಾ ಪಟ್ಟಣದವು. ಒಂದೇ ಹೆಸರಿನ ಇಬ್ಬರ ಬದುಕು ಕಲಸಿ, ಕೊನೆಗೆ ಒಬ್ಬರದೇ ಆಗಿ ಹೋಗಿದೆ.

ಇದು ನಮ್ಮಲ್ಲಿ ಮಾತ್ರ ಆಗುವ ಗೊಂದಲವಲ್ಲ. ವಿಜಯನಗರವನ್ನು ಆಳಿದ ಹರಿಹರರೇ ಇಬ್ಬರು. ರಗಳೆಗಳನ್ನು ಬರೆದ ಹಂಪಿಯ ಹರಿಹರ ಆ ಅರಸರಿಗಿಂತ ಹಿಂದಿನ ಕವಿ. ದಾವಣಗೆರೆ ಕಡೆಯ ಭಾನುವಳ್ಳಿಗೆ ತಾಲೂಕು ಕೇಂದ್ರವಾದ ಹರಿಹರಕ್ಕೆ ಆ ಹೆಸರು ಬಂದದ್ದು ಈ ಮೂವರಿಂದಲೂ ಅಲ್ಲ, ಅಲ್ಲಿನ ಹರಿಹರೇಶ್ವರನಿಂದ. ಯಾವ ಕಾಲ, ಯಾರ ಮಗ, ಎಲ್ಲಿ ತೀರಿಕೊಂಡರು ಎಂಬ ಮೂರು ಪ್ರಶ್ನೆ ಕೇಳಿದರೆ ಇಂಥ ಗಂಟು ಹೆಚ್ಚಿನ ಸಲ ಬಿಚ್ಚಿಕೊಳ್ಳುತ್ತದೆ.

ಮೊದಲು ಬಸರಾದವರನ್ನು ನೋಡೋಣ. ಮಾಲಿಕ್ ಬಿನ್ ದೀನಾರ್ (ರ) ತಾಬಿಈಗಳ ತಲೆಮಾರಿನವರು. ಪ್ರವಾದಿಯವರ (ಸ) ಸೇವಕರಾಗಿದ್ದ ಅನಸ್ ಬಿನ್ ಮಾಲಿಕ್‌ರಿಂದ (ರ) ಹದೀಸ್ ಕೇಳಿದವರು, ಹಸನುಲ್ ಬಸರಿಯವರ (ರ) ಶಿಷ್ಯರು. ಯಾರ ಮುಂದೆಯೂ ಕೈಚಾಚಿದವರಲ್ಲ. ಕುರ್‌ಆನ್ ಪ್ರತಿಗಳನ್ನು ಕೈಯಾರೆ ಬರೆದು, ಅದರಿಂದ ಬಂದ ಕೂಲಿಯಲ್ಲಿ ಊಟ ಮಾಡಿದರು. ಮನೆಗೆ ನುಗ್ಗಿದ ಕಳ್ಳನಿಗೆ ಕದಿಯಲು ಏನೂ ಸಿಗದಿದ್ದಾಗ, ಅವನಿಗೆ ವುಝೂ ಮಾಡಿಸಿ ನಮಾಝಿಗೆ ನಿಲ್ಲಿಸಿದರು ಎಂಬ ಕತೆ ಇವರದ್ದೇ. ಹಡಗಿನ ಬಾಡಿಗೆಗೆ ದುಡ್ಡಿಲ್ಲದಾಗ ಮೀನುಗಳು ಬಾಯಲ್ಲಿ ದೀನಾರ್ ಹಿಡಿದು ಬಂದವು, ಅದರಿಂದಲೇ ಆ ಹೆಸರು ಬಂತು ಎಂದೂ ಹೇಳುವುದುಂಟು. ಕತೆ ಚಂದವೇ. ಆದರೆ ದೀನಾರ್ ಎನ್ನುವುದು ಅವರ ತಂದೆಯ ಹೆಸರು. ಹಿಜರಿ 130ರ ಆಸುಪಾಸಿನಲ್ಲಿ, ಅಂದರೆ ಕ್ರಿ.ಶ. 748ರ ಹೊತ್ತಿಗೆ, ಅವರು ಬಸರಾದಲ್ಲೇ ತೀರಿಕೊಂಡರು.

ಇನ್ನು ನಮ್ಮ ಕರಾವಳಿಯವರು. ಇವರ ವಿವರ ಬರೆದಿಟ್ಟದ್ದು ಪೊನ್ನಾನಿಯ ಝೈನುದ್ದೀನ್ ಮಖ್ದೂಂ (ರ), 16ನೇ ಶತಮಾನದ ‘ತುಹ್ಫತುಲ್ ಮುಜಾಹಿದೀನ್’ ಗ್ರಂಥದಲ್ಲಿ. ಇಲ್ಲೂ ಒಂದೇ ಹೆಸರಿನ ಇಬ್ಬರಿದ್ದಾರೆ. ಪೊನ್ನಾನಿಯ ದೊಡ್ಡ ಜುಮಾ ಮಸೀದಿ ಕಟ್ಟಿಸಿದವರು ಅಜ್ಜ ಝೈನುದ್ದೀನ್. ತುಹ್ಫತ್ ಮತ್ತು ನಮ್ಮ ದರ್ಸ್‌ಗಳಲ್ಲಿ ಓದಿಸುವ ‘ಫತ್‌ಹುಲ್ ಮುಈನ್’ ಬರೆದವರು ಮೊಮ್ಮಗ.

ಅರಬ್ ನಾಡಿಗೆ ಹೋದ ಚೇರಮಾನ್ ಪೆರುಮಾಳ್ ಅರಸ ಅಲ್ಲೇ ತೀರಿಕೊಂಡನಂತೆ. ಅವನ ಪತ್ರ ಹಿಡಿದು ಕೊಡುಂಗಲ್ಲೂರಿಗೆ ಬಂದ ತಂಡದಲ್ಲಿ ಶರಫ್ ಬಿನ್ ಮಾಲಿಕ್, ಅವರ ತಾಯಿಯ ಕಡೆಯ ಸಹೋದರ ಮಾಲಿಕ್ ಬಿನ್ ದೀನಾರ್, ಬಂಧು ಮಾಲಿಕ್ ಬಿನ್ ಹಬೀಬ್ ಇದ್ದರು ಎನ್ನುತ್ತದೆ ತುಹ್ಫತ್. ನಾವು ಗಮನಿಸಬೇಕಾದ್ದು ಮುಂದಿನ ಸಂಗತಿ. ಕೊಡುಂಗಲ್ಲೂರಿನಲ್ಲಿ ಮಸೀದಿ ಆದ ಮೇಲೆ, ಹೆಂಡತಿ ಖಮರಿಯ್ಯಾ ಮತ್ತು ಮಕ್ಕಳನ್ನು ಕರಕೊಂಡು ಊರೂರು ಸುತ್ತಿ ಮಸೀದಿ ಕಟ್ಟಿಸಿದವರು ಮಾಲಿಕ್ ಬಿನ್ ಹಬೀಬ್. ಬಾರ್ಕೂರು, ಮಂಗಳೂರು, ಕಾಸರಗೋಡು ಆ ಪಟ್ಟಿಯಲ್ಲೇ ಇವೆ. ಮಾಲಿಕ್ ಬಿನ್ ದೀನಾರ್ ಮುಂದೆ ಅರೇಬಿಯಾಕ್ಕೆ ಮರಳಿ, ಅರಸನ ಕಬರ್ ಝಿಯಾರತ್ ಮಾಡಿ, ಖುರಾಸಾನಿಗೆ ಹೋಗಿ ಅಲ್ಲಿ ವಫಾತಾದರು. ಮಾಲಿಕ್ ಬಿನ್ ಹಬೀಬ್ ಮತ್ತು ಖಮರಿಯ್ಯಾ ಕೊಡುಂಗಲ್ಲೂರಿಗೆ ಹಿಂದಿರುಗಿ ಅಲ್ಲೇ ಕಣ್ಣುಮುಚ್ಚಿದರು. ತಳಂಗರೆಯಲ್ಲಿ ಮಲಗಿರುವವರು ಮಾಲಿಕ್ ಬಿನ್ ಮುಹಮ್ಮದ್, ಆ ಮನೆತನದ ಕುಡಿ ಎಂಬುದು ಅಲ್ಲಿನ ನಂಬಿಕೆ.

ಈಗ ಲೆಕ್ಕ ಹಾಕೋಣ. ತಳಂಗರೆ ಮಸೀದಿಯ ಅರಬಿ ಬರಹ ಹೇಳುವ ವರ್ಷ ಹಿಜರಿ 22. ಬಸರಾದವರು ಅಂದು ಹುಟ್ಟಿದ ಕೂಸಾಗಿದ್ದರೂ ತೀರಿಕೊಳ್ಳುವಾಗ ನೂರು ದಾಟಿರಬೇಕಾಗುತ್ತದೆ; ಕೂಸು ಹಡಗು ಹತ್ತಿ ಬಂದು ಮಸೀದಿ ಕಟ್ಟಿಸುವುದಿಲ್ಲವಲ್ಲ! ಝೈನುದ್ದೀನ್ ಮಖ್ದೂಂ ಈ ಘಟನೆ ಹಿಜರಿ 200ರ ನಂತರದ್ದು ಎಂಬ ಅಭಿಪ್ರಾಯಕ್ಕೆ ಒಲಿದವರು. ಅದನ್ನು ಹಿಡಿದರೆ ಬಸರಾದವರು ತೀರಿಕೊಂಡು ಆಗಲೇ 70 ವರ್ಷ ಕಳೆದಿತ್ತು. ಎರಡರಲ್ಲಿ ಯಾವ ವರ್ಷ ಹಿಡಿದರೂ ಇಬ್ಬರು ಒಬ್ಬರಾಗುವುದಿಲ್ಲ. ವಫಾತಿನ ಊರೂ ಬೇರೆ: ಒಬ್ಬರದು ಬಸರಾ, ಇನ್ನೊಬ್ಬರದು ಖುರಾಸಾನ್.

ಹೀಗೆ ಬೇರೆ ಮಾಡಿ ಹೇಳಿದರೆ ತಳಂಗರೆಯ ಗೌರವಕ್ಕೆ ಕುಂದು ಬಂತೆಂದು ಯಾರೂ ಬೇಸರಿಸಬೇಕಾಗಿಲ್ಲ. ಕಲಸಿ ಹೇಳುವುದರಿಂದಲೇ ನಷ್ಟ ಹೆಚ್ಚು. ಕೈಬರಹದ ಕೂಲಿಯಲ್ಲಿ ಬದುಕಿದ ಒಬ್ಬ ಆಲಿಮರ ಶ್ರಮ ಅದರಲ್ಲಿ ಮರೆಯಾಗುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಗುರುತಿಲ್ಲದ ಕರಾವಳಿಯಲ್ಲಿ ಊರಿಂದೂರಿಗೆ ನಡೆದ ಮಾಲಿಕ್ ಬಿನ್ ಹಬೀಬ್ ಮತ್ತು ಖಮರಿಯ್ಯಾ ದಂಪತಿಯ ಹೆಸರಂತೂ ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಅಪರೂಪ. ಮಂಗಳೂರಿನ ಬಂದರ್ ಮಸೀದಿಗೆ ಹೋದಾಗ, ಬಾರ್ಕೂರಿನ ದಾರಿ ಹಿಡಿದಾಗ ಆ ಇಬ್ಬರನ್ನೂ ನೆನೆದು ಒಂದು ಫಾತಿಹಾ ಓದೋಣ.