ಇಬ್ರಾಹಿಂ ಕುಲಿ ಕುತುಬ್ ಷಾ

ಇಬ್ರಾಹಿಂ ಕುಲಿ ಕುತುಬ್ ಷಾ (1518–1580) ಗೋಲ್ಕೊಂಡವನ್ನು 1550ರಿಂದ ಮೂವತ್ತು ವರ್ಷ ಆಳಿದ ಕುತುಬ್ ಷಾಹಿ ಅರಸ. ಮೂಸಿ ನದಿಗೆ ಪುರಾನಾ ಪುಲ್ ಎಂಬ ಕಲ್ಲುಸೇತುವೆ ನಿರ್ಮಾಣವಾದದ್ದು ಇವನ ಆಳ್ವಿಕೆಯಲ್ಲಿ. ಕರ್ನಾಟಕದ ಇತಿಹಾಸದಲ್ಲಿ ಇವನ ಹೆಸರು ವಿಜಯನಗರದ ಆಶ್ರಿತನಾಗಿಯೂ ಅದರ ವೈರಿಯಾಗಿಯೂ ಬರುತ್ತದೆ.

ಆಶ್ರಯ ಮತ್ತು ಯುದ್ಧ

ಇವನು ವಂಶಸ್ಥಾಪಕ ಸುಲ್ತಾನ್ ಕುಲಿಯ ಕಿರಿಯ ಮಗ. 1543ರಲ್ಲಿ ತಂದೆಯ ಕೊಲೆಯಾಗಿ ಅಣ್ಣ ಜಂಷೀದ್ ಪಟ್ಟವೇರಿದಾಗ, ಪ್ರಾಣಭಯದಿಂದ ಬೀದರಿಗೂ ಅಲ್ಲಿಂದ ವಿಜಯನಗರಕ್ಕೂ ಓಡಿಹೋದನು. ಅಳಿಯ ರಾಮರಾಯನು ಅವನಿಗೆ ಸುಮಾರು ಏಳು ವರ್ಷ ಆಶ್ರಯವಿತ್ತನು. ತೆಲುಗಿನ ಮೇಲೆ ಅವನಿಗಿದ್ದ ಒಲವನ್ನು ಆ ದಿನಗಳೊಂದಿಗೆ ಜೋಡಿಸುವುದುಂಟು. ಅದ್ದಂಕಿ ಗಂಗಾಧರ ಕವಿಯು ತನ್ನ ತೆಲುಗು ಕಾವ್ಯವನ್ನು ಇವನಿಗೆ ಅಂಕಿತ ಮಾಡಿದ್ದಾನೆ. ತೆಲುಗು ಕವಿಗಳಿಗೆ ಇವನು ‘ಮಲ್ಕಿಭರಾಮ’.

1565ರ ಜನವರಿಯಲ್ಲಿ ಕೃಷ್ಣೆಯ ತೀರದ ರಕ್ಕಸಗಿ-ತಂಗಡಗಿ (ತಾಳಿಕೋಟೆ) ಕಾಳಗದಲ್ಲಿ ಇಬ್ರಾಹಿಂ ತನಗೆ ಅನ್ನವಿಕ್ಕಿದ ರಾಮರಾಯನ ವಿರುದ್ಧವೇ ನಿಂತನು. ಸುರಪುರ ಸೀಮೆಯ ಕೊಡೇಕಲ್ಲಿಗೆ ಈ ರಣಭೂಮಿ ದೂರದ್ದಲ್ಲ. ಇದನ್ನು ಕೃತಘ್ನತೆಯೆಂದು ಕರೆಯುವವರು ಬಹಳ. ಆದರೆ ರಾಮರಾಯನು ದಖ್ಖನದ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಬಂದಿದ್ದನೆಂಬುದನ್ನೂ, ಗೋಲ್ಕೊಂಡದ ಕೋಟೆಗಳು ಅವನ ಪಾಲಾಗಿದ್ದವೆಂಬುದನ್ನೂ ಮರೆಯಲಾಗದು.

ಪುರಾನಾ ಪುಲ್

ಗೋಲ್ಕೊಂಡ ಕೋಟೆಯೊಳಗೆ ಜನದಟ್ಟಣೆ ಹೆಚ್ಚಿದ್ದ ಕಾಲದಲ್ಲಿ, 1578ರಲ್ಲಿ, ಈ ಸೇತುವೆ ಸಿದ್ಧವಾಯಿತು. ಇಪ್ಪತ್ತಕ್ಕೂ ಮಿಕ್ಕ ಕಮಾನುಗಳ ಮೇಲೆ ನಿಂತ ಇದರ ಉದ್ದ ಸುಮಾರು 600 ಅಡಿ. ಮಳೆಗಾಲದಲ್ಲಿಯೂ ಹೊಳೆ ದಾಟುವುದು ಸಾಧ್ಯವಾದುದರಿಂದ ದಕ್ಷಿಣ ದಡದಲ್ಲಿ ಊರು ಬೆಳೆಯಲು ದಾರಿಯಾಯಿತು. 1591ರಲ್ಲಿ ಅಲ್ಲಿಯೇ ಹೈದರಾಬಾದ್ ತಲೆಯೆತ್ತಿತು. ಆಚೆ ದಡದ ಭಾಗಮತಿಯನ್ನು ಕಾಣಲು ರಾಜಕುಮಾರ ಮಹಮ್ಮದ್ ಕುಲಿಯು ತುಂಬಿದ ಹೊಳೆಗೆ ಕುದುರೆ ಇಳಿಸಿದನೆಂದೂ, ಗಾಬರಿಗೊಂಡ ತಂದೆ ಸೇತುವೆ ಕಟ್ಟಿಸಿದನೆಂದೂ ಜನಪ್ರಿಯ ಐತಿಹ್ಯ. ಸೇತುವೆ ಮುಗಿದಾಗ ರಾಜಕುಮಾರನಿಗೆ ಹದಿಮೂರರ ಆಸುಪಾಸಿನ ವಯಸ್ಸು. ಆದಕಾರಣ ಕಥೆ ಸೊಗಸಾಗಿದ್ದರೂ ನಂಬುವುದು ಕಷ್ಟ.

ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಇದನ್ನು ಪ್ಯಾರಿಸಿನ ಪಾಂ ನಫ್ ಸೇತುವೆಗೆ ಹೋಲಿಸಿದನು. ಆ ಸೇತುವೆಯ ಕೆಲಸ ಮೊದಲಾದದ್ದೂ 1578ರಲ್ಲಿಯೇ. ಪಾಂ ನಫ್‌ನ ಮೇಲೆ ಮನೆಗಳನ್ನು ಕಟ್ಟದೆ, ನಡೆಯುವವರಿಗೆ ಎತ್ತರದ ಕಾಲುದಾರಿಯನ್ನೂ ನಿಲ್ಲುವವರಿಗೆ ಹೊರಚಾಚಿದ ಕಟ್ಟೆಗಳನ್ನೂ ಬಿಟ್ಟಿದ್ದರಿಂದ ಅದು ಬಹುಬೇಗ ಪ್ಯಾರಿಸಿನ ಜನ ಸೇರುವ ತಾಣವಾಯಿತು. ಪುರಾನಾ ಪುಲ್‌ಗೆ ಆ ಭಾಗ್ಯ ಬಂದದ್ದು ಮುಪ್ಪಿನಲ್ಲಿ.

1820ರ ನೆರೆಯಲ್ಲಿ ಜಖಂಗೊಂಡ ಇದನ್ನು ನಿಜಾಮ ಸಿಕಂದರ್ ಜಾ ದುರಸ್ತಿ ಮಾಡಿಸಿದನು. 1908ರ ಸೆಪ್ಟೆಂಬರ್ 28ರ ಮಹಾಪ್ರವಾಹದಲ್ಲಿ ಮೂಸಿಯ ಇತರ ಸೇತುವೆಗಳು ಕೊಚ್ಚಿಹೋದರೂ ಇದು ನಿಂತಿತು. ಆಗ ಸುರಪುರ ಸೀಮೆಯೂ ನಿಜಾಮನ ರಾಜ್ಯದಲ್ಲಿದ್ದುದರಿಂದ, ಅದು ನಮ್ಮವರಿಗೂ ರಾಜಧಾನಿಯ ಸುದ್ದಿಯೇ. ಪಕ್ಕದಲ್ಲಿ ಹೊಸ ಸೇತುವೆಯಾದ ಮೇಲೆ ವಾಹನ ಸಂಚಾರ ಅತ್ತ ಸರಿಯಿತು; ಹಳೆಯ ಕಮಾನುಗಳ ಮೇಲೆ ತರಕಾರಿ ಸಂತೆ ನೆಲೆಯೂರಿತು.

ಇಬ್ರಾಹಿಂ 1580ರಲ್ಲಿ ತೀರಿಕೊಂಡನು. ಅವನ ಗೋರಿ ಗೋಲ್ಕೊಂಡದ ಕುತುಬ್ ಷಾಹಿ ಸಮಾಧಿಗಳ ನಡುವೆ ಇದೆ.