ವಿಲಿಯಂ ಹಾಲ್‌ಸ್ಟೆಡ್: ಕೈ ಸರಿ, ಊಹೆ ತಪ್ಪು

ಆಸ್ಪತ್ರೆಗೆ ಹೋದವರೆಲ್ಲ ನೋಡೇ ಇರ್ತೀರಿ, ಡಾಕ್ಟರು ಗಾಯ ಮುಟ್ಟೋಕೆ ಮೊದಲು ರಬ್ಬರ್ ಗ್ಲವ್ಸ್ ಹಾಕ್ಕೋತಾರೆ. ಆಪರೇಷನ್ ಥಿಯೇಟರಿನಲ್ಲಿ ಆ ಅಭ್ಯಾಸ ಬೆಳೆಯಲು ಕಾರಣರಾದವರು ವಿಲಿಯಂ ಸ್ಟೀವರ್ಟ್ ಹಾಲ್‌ಸ್ಟೆಡ್. ಅಮೆರಿಕದ ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಅವರ ಇನ್ನೊಂದು ಕೊಡುಗೆ ಸ್ತನ ಕ್ಯಾನ್ಸರಿನ ದೊಡ್ಡ ಆಪರೇಷನ್. ಅದಕ್ಕೆ ಎಷ್ಟು ಹೆಸರು ಬಂತೆಂದರೆ, ಇಷ್ಟು ದೊಡ್ಡ ಆಪರೇಷನ್ ನಿಜಕ್ಕೂ ಬೇಕಾ ಅಂತ ಸರಿಯಾಗಿ ಪರೀಕ್ಷೆ ಮಾಡೋಕೆ ಮುಕ್ಕಾಲು ಶತಮಾನ ಹಿಡೀತು. ಸಾಧಕರ ಬಗ್ಗೆ ಬರೆಯುವಾಗ ಗೆದ್ದದ್ದನ್ನಷ್ಟೇ ಬರೆಯೋದು ವಾಡಿಕೆ. ಇವರ ವಿಷಯದಲ್ಲಿ ಹಾಗೆ ಮಾಡಿದ್ರೆ ಅರ್ಧ ಕಥೆಯೇ ಬಿಟ್ಟುಹೋಗುತ್ತೆ.

1852ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಶ್ರೀಮಂತ ಮನೆಯಲ್ಲಿ ಹುಟ್ಟಿದರು. ಯೇಲ್‌ನಲ್ಲಿ ಓದುವಾಗ ಪುಸ್ತಕಕ್ಕಿಂತ ಫುಟ್‌ಬಾಲ್ ಮೇಲೇ ಜೀವ, ತಂಡದ ಕ್ಯಾಪ್ಟನ್ ಬೇರೆ. ನಮ್ಮ ಕೊನೇ ಬೆಂಚಿನವರಿಗೆ ಸಮಾಧಾನ ಆಗಲಿ ಅಂತ ಹೇಳ್ತಿದ್ದೀನಿ. ಕೊನೆಯ ವರ್ಷದಲ್ಲಿ ಅಂಗರಚನಾಶಾಸ್ತ್ರದ ಪುಸ್ತಕ ಕೊಂಡು ಓದಿದ ಮೇಲೆ ದಾರಿ ಬದಲಾಯಿತು. 1877ರಲ್ಲಿ ವೈದ್ಯ ಪದವಿ, ಆಮೇಲೆ ಎರಡು ವರ್ಷ ವಿಯೆನ್ನಾ ಮುಂತಾದ ಕಡೆ ಯುರೋಪಿನ ದೊಡ್ಡ ಸರ್ಜನ್‌ಗಳ ಕೆಲಸ ನೋಡಿ ಕಲಿತರು.

ವಾಪಸ್ ಬಂದ ಹಾಲ್‌ಸ್ಟೆಡ್ ಭಾರೀ ಧೈರ್ಯದ ಮನುಷ್ಯ. 1881ರಲ್ಲಿ ಹೆರಿಗೆಯಾದ ಸಹೋದರಿಗೆ ವಿಪರೀತ ರಕ್ತಸ್ರಾವ ಆದಾಗ, ತಮ್ಮ ರಕ್ತವನ್ನೇ ತೆಗೆದು ಆಕೆಗೆ ಕೊಟ್ಟರು. ರಕ್ತದ ಗುಂಪುಗಳು ಇವೆ ಅನ್ನೋದೇ ಆಗ ಜಗತ್ತಿಗೆ ಗೊತ್ತಿರಲಿಲ್ಲ. ಸಹೋದರಿ ಬದುಕಿದಳು. ಮರುವರ್ಷ ಅಡುಗೆಮನೆಯ ಮೇಜಿನ ಮೇಲೆ ನಡುರಾತ್ರಿ ತಾಯಿಯ ಪಿತ್ತಕೋಶದ ಆಪರೇಷನ್ ಮಾಡಿದರು. ಅವರೂ ಉಳಿದರು.

ಅದೇ ಧೈರ್ಯ 1884ರಲ್ಲಿ ತಿರುಗಿ ಬಡಿಯಿತು. ಕೊಕೇನ್ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂಬ ಸುದ್ದಿ ಯುರೋಪಿನಿಂದ ಬಂತು. ನರದ ಹತ್ತಿರವೇ ಚುಚ್ಚಿದರೆ ಆ ಭಾಗವಿಡೀ ಮರಗಟ್ಟಬಹುದಲ್ಲ ಅಂತ ಹಾಲ್‌ಸ್ಟೆಡ್ ಮತ್ತು ಗೆಳೆಯರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಪ್ರಯೋಗ ಗೆದ್ದಿತು. ಹಲ್ಲಿನ ಡಾಕ್ಟರು ಇವತ್ತು ದವಡೆಗೆ ಕೊಡುವ ಇಂಜೆಕ್ಷನ್‌ಗೆ ಬುನಾದಿ ಅಲ್ಲೇ ಇದೆ. ಆದ್ರೆ ಪ್ರಯೋಗ ಮಾಡಿದವರು ಚಟಕ್ಕೆ ಬಿದ್ದರು, ಕೆಲವರು ಅದರಲ್ಲೇ ಹಾಳಾದರು. ಹಾಲ್‌ಸ್ಟೆಡ್ ರೋಡ್ ಐಲೆಂಡಿನ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದರು. ಕೊಕೇನ್ ಬಿಡಿಸಲು ಹೋಗಿ ಮಾರ್ಫಿನ್ ಅಂಟಿಕೊಂಡಿತು. ಅದು ಎಷ್ಟೋ ವರ್ಷ ಮುಂದುವರಿದಿತ್ತು ಅನ್ನೋದು ಜಗತ್ತಿಗೆ ಗೊತ್ತಾಗಿದ್ದು 1969ರಲ್ಲಿ, ಸಹೋದ್ಯೋಗಿ ವಿಲಿಯಂ ಆಸ್ಲರ್ ಬರೆದಿಟ್ಟಿದ್ದ ಗುಟ್ಟಿನ ಟಿಪ್ಪಣಿ ತೆರೆದಾಗ.

ನ್ಯೂಯಾರ್ಕಿನಲ್ಲಿ ಮುಗಿದೇಹೋಗಿದ್ದ ಬದುಕನ್ನು ಎತ್ತಿ ನಿಲ್ಲಿಸಿದವರು ಗೆಳೆಯ ವಿಲಿಯಂ ವೆಲ್ಚ್. ಬಾಲ್ಟಿಮೋರ್‌ಗೆ ಕರೆಸಿಕೊಂಡು ತಮ್ಮ ಲ್ಯಾಬಿನಲ್ಲಿ ಜಾಗ ಕೊಟ್ಟರು. 1889ರಲ್ಲಿ ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಶುರುವಾಯಿತು, ಹಾಲ್‌ಸ್ಟೆಡ್ ಅಲ್ಲಿನ ಸರ್ಜರಿ ವಿಭಾಗದ ಮುಖ್ಯಸ್ಥರಾದರು. ಮೊದಲು ಚುರುಕಿಗೆ ಹೆಸರಾಗಿದ್ದ ಕೈ ಈಗ ನಿಧಾನ, ಬಹಳ ನಾಜೂಕು. ರಕ್ತ ಸೋರದಂತೆ, ಚರ್ಮಕ್ಕೆ ನೋವಾಗದಂತೆ ಗಂಟೆಗಟ್ಟಲೆ ಕೆಲಸ.

ಗ್ಲವ್ಸ್ ಕಥೆ ಇಲ್ಲೇ ಬರೋದು. ಥಿಯೇಟರಿನ ಮುಖ್ಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಸುಟ್ಟಂತೆ ಆಗ್ತಿದ್ದವು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳು ಗ್ಲವ್ಸ್ ಮಾಡಿಸಿಕೊಟ್ಟರು. 1890ರಲ್ಲಿ ಇಬ್ಬರಿಗೂ ಮದುವೆಯಾಯಿತು. ಮಜಾ ಏನಂದ್ರೆ, ಗ್ಲವ್ಸ್ ಬಂದಿದ್ದು ನರ್ಸಿನ ಕೈ ಉಳಿಸೋಕೆ. ಅದರಿಂದ ರೋಗಿಗಳ ಗಾಯದ ಸೋಂಕು ಕಡಿಮೆಯಾಗುತ್ತೆ ಅಂತ ಲೆಕ್ಕ ಇಟ್ಟು ತೋರಿಸಿದ್ದು ಆಮೇಲೆ, ಶಿಷ್ಯ ಜೋಸೆಫ್ ಬ್ಲಡ್‌ಗುಡ್. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಈಗ ಆ ಆಪರೇಷನ್. ಆ ಕಾಲದಲ್ಲಿ ಸ್ತನದ ಗಡ್ಡೆ ತೆಗೆದರೂ ಹೆಚ್ಚಿನವರಿಗೆ ಅದೇ ಜಾಗದಲ್ಲಿ ಮತ್ತೆ ಬರ್ತಿತ್ತು. ಕ್ಯಾನ್ಸರ್ ನೀರಿನ ಮೇಲಿನ ಎಣ್ಣೆಯ ಹಾಗೆ ಹುಟ್ಟಿದ ಜಾಗದಿಂದ ಸುತ್ತಲೂ ಹಂತಹಂತವಾಗಿ ಹರಡುತ್ತೆ, ಹಾಗಾಗಿ ಸುತ್ತ ಅಗಲವಾಗಿ ತೆಗೆದಷ್ಟೂ ಒಳ್ಳೇದು ಅನ್ನೋದು ಹಾಲ್‌ಸ್ಟೆಡ್ ಅವರ ಊಹೆ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಂದೇ ತುಂಡಾಗಿ ತೆಗೆದರು. ಹೆಸರು ರ್ಯಾಡಿಕಲ್ ಮಾಸ್ಟೆಕ್ಟಮಿ, ಅಂದ್ರೆ ಬೇರುಸಮೇತ ಕೀಳೋದು. 1894ರಲ್ಲಿ 50 ರೋಗಿಗಳ ವರದಿ ಬರೆದರು. ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು 3 ಜನರಿಗೆ ಮಾತ್ರ. ಯುರೋಪಿನ ಹಲವು ಹೆಸರಾಂತ ಸರ್ಜನ್‌ಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚಿತ್ತು. ಜಗತ್ತು ತಲೆಬಾಗಿತು.

ನಾವು ಎಂಜಿನಿಯರಿಂಗ್‌ನವರು ಇಲ್ಲೊಂದು ಪ್ರಶ್ನೆ ಕೇಳಬೇಕು. ಅಳೆದ ಔಟ್‌ಪುಟ್ ಯಾವುದು? ಕ್ಯಾನ್ಸರ್ ಅದೇ ಜಾಗಕ್ಕೆ ಮರಳಿತಾ ಅಂತ. ಬೇಕಾಗಿದ್ದು? ಆ ಹೆಂಗಸು ಹೆಚ್ಚು ಕಾಲ ಬದುಕಿದಳಾ ಅಂತ. ಗ್ರಂಥಿಗಳಿಗೆ ಕ್ಯಾನ್ಸರ್ ತಲುಪಿದ್ದವರಲ್ಲಿ ಹೆಚ್ಚಿನವರು ಇಷ್ಟೆಲ್ಲ ಮಾಡಿದ ಮೇಲೂ ಉಳಿಯಲಿಲ್ಲ ಅನ್ನೋದು 1907ರ ಅವರದೇ ಲೆಕ್ಕದಲ್ಲಿ ಇತ್ತು. ಜೊತೆಗೆ, ಒಂದೇ ಕಾಲದ, ಒಂದೇ ಥರದ ರೋಗಿಗಳಲ್ಲಿ ಅರ್ಧ ಜನಕ್ಕೆ ಚಿಕ್ಕ ಆಪರೇಷನ್ ಮಾಡಿ ಹೋಲಿಸಿದವರು ಆಗ ಯಾರೂ ಇಲ್ಲ. ಗ್ಲವ್ಸಿಗೆ ಒಬ್ಬ ಬ್ಲಡ್‌ಗುಡ್ ಸಿಕ್ಕಿದ, ಈ ಆಪರೇಷನ್ನಿಗೆ ಸಿಗಲಿಲ್ಲ. 1922ರ ಸೆಪ್ಟೆಂಬರ್ 7ರಂದು, ಪಿತ್ತಕೋಶದ ತೊಂದರೆಗೆ ಶಿಷ್ಯರೇ ಆಪರೇಷನ್ ಮಾಡಿದ ಮೇಲೆ, 69ನೇ ವಯಸ್ಸಿನಲ್ಲಿ ಹಾಲ್‌ಸ್ಟೆಡ್ ತೀರಿಕೊಂಡರು. ಅವರ ಆಪರೇಷನ್ ಮಾತ್ರ ಇನ್ನೂ ಐವತ್ತು ವರ್ಷ ನಡೀತಾನೇ ಇತ್ತು. ಚಿಕ್ಕ ಗಡ್ಡೆ ಇದ್ದವರಿಗೂ ಅದೇ. ಎದೆ ಗುಳಿಬಿದ್ದು, ಕೈ ಬಾತು, ತೋಳು ಎತ್ತೋಕಾಗದೆ ಎಷ್ಟೋ ಹೆಂಗಸರು ಬದುಕಿದರು.

ನಿರ್ಣಾಯಕ ಪರೀಕ್ಷೆಗಳು ಶುರುವಾಗಿದ್ದು 1970ರ ದಶಕದಲ್ಲಿ. ಪಿಟ್ಸ್‌ಬರ್ಗ್‌ನ ಸರ್ಜನ್ ಬರ್ನಾರ್ಡ್ ಫಿಷರ್ 1971ರಲ್ಲಿ ಒಂದು ಕ್ಲಿನಿಕಲ್ ಟ್ರಯಲ್ ಶುರುಮಾಡಿದರು. ಸುಮಾರು 1,665 ಮಹಿಳೆಯರು. ಯಾರಿಗೆ ಹಾಲ್‌ಸ್ಟೆಡ್ ಆಪರೇಷನ್, ಯಾರಿಗೆ ಸ್ನಾಯು ಉಳಿಸುವ ಚಿಕ್ಕ ಆಪರೇಷನ್ ಅನ್ನೋದನ್ನು ಡಾಕ್ಟರ್ ಆರಿಸೋ ಹಾಗಿಲ್ಲ, ಚೀಟಿ ಎತ್ತಿದ ಹಾಗೆ ನಿರ್ಧಾರ. ಡಾಕ್ಟರ್ ಆರಿಸಿದರೆ ಗಟ್ಟಿಮುಟ್ಟಾದವರು ಒಂದೇ ಕಡೆ ಸೇರಿಬಿಡಬಹುದು, ಹೋಲಿಕೆ ಕೆಡುತ್ತೆ. ಇಟಲಿಯ ಮಿಲಾನಿನಲ್ಲಿ ಉಂಬೆರ್ಟೊ ವೆರೊನೇಸಿ 1973ರಿಂದ ಇನ್ನೂ ಮುಂದೆ ಹೋದರು. ಗಡ್ಡೆ 2 ಸೆಂಟಿಮೀಟರ್ ಮೀರದ 701 ಮಹಿಳೆಯರಲ್ಲಿ ಅರ್ಧ ಜನಕ್ಕೆ ಹಾಲ್‌ಸ್ಟೆಡ್ ಆಪರೇಷನ್, ಉಳಿದರ್ಧಕ್ಕೆ ಸ್ತನದ ಒಂದು ಭಾಗ ಮಾತ್ರ ತೆಗೆದು ರೇಡಿಯೇಷನ್. 1976ರಲ್ಲಿ ಫಿಷರ್ ಮತ್ತೊಂದು ಟ್ರಯಲ್‌ನಲ್ಲಿ 1,851 ಮಹಿಳೆಯರನ್ನು ಗಮನಿಸಿದರು. ಇಡೀ ಸ್ತನ ತೆಗೆಯೋದಾ, ಗಡ್ಡೆ ಮಾತ್ರ ತೆಗೆಯೋದಾ ಅನ್ನೋದು ಅಲ್ಲಿನ ಪ್ರಶ್ನೆ.

ಜನ ಸಿಗೋದೇ ಕಷ್ಟವಾಗಿತ್ತು. ಸರ್ಜನ್‌ಗಳು ಹಿಂಜರಿದರು. ಸ್ತನ ಉಳಿಯುತ್ತಾ ಹೋಗುತ್ತಾ ಅನ್ನೋದನ್ನು ಚೀಟಿಗೆ ಬಿಡೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ? ಆದರೂ ಸಾವಿರಾರು ಜನ ಒಪ್ಪಿದರು.

2002ರಲ್ಲಿ ಮೂರೂ ಟ್ರಯಲ್‌ಗಳ ದೀರ್ಘಕಾಲದ ಫಲಿತಾಂಶ ಬಂತು, ಫಿಷರ್ ಅವರ ಮೊದಲನೆಯದರಲ್ಲಿ 25 ವರ್ಷ, ಉಳಿದೆರಡರಲ್ಲಿ 20 ವರ್ಷದ ಲೆಕ್ಕ. ದೊಡ್ಡ ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿರಲಿಲ್ಲ. ಗಡ್ಡೆ ಮಾತ್ರ ತೆಗೆದಾಗ ರೇಡಿಯೇಷನ್ ಇಲ್ಲದವರಲ್ಲಿ 39%, ಇದ್ದವರಲ್ಲಿ 14% ಜನಕ್ಕೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿತ್ತು. ಅಂದ್ರೆ ರೇಡಿಯೇಷನ್ ಬೇಕು, ಎದೆಯ ಸ್ನಾಯು ಕೀಳೋದು ಬೇಡ. ಕೆಲವು ಕಣಗಳು ರಕ್ತದಲ್ಲಿ ಮೊದಲೇ ದೂರ ಹೋಗಿರಬಹುದು, ಅವನ್ನು ಚಾಕು ಹಿಂಬಾಲಿಸೋಕಾಗಲ್ಲ ಅನ್ನೋ ಫಿಷರ್ ಅವರ ವಾದಕ್ಕೆ ಬಲ ಬಂತು.

ಹಾಲ್‌ಸ್ಟೆಡ್ ಮೋಸಗಾರರಲ್ಲ, ಸೋಮಾರಿಯೂ ಅಲ್ಲ. ಅವರಷ್ಟು ಶ್ರದ್ಧೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅವರ ಕೈಕೆಲಸ ಎಷ್ಟು ಚೆನ್ನಾಗಿತ್ತೆಂದರೆ, ಅದರ ಹಿಂದಿದ್ದ ಊಹೆಯನ್ನು ಹೆಚ್ಚಿನವರು ಬಹುಕಾಲ ಅನುಮಾನಿಸಲಿಲ್ಲ. ಅವರು ತೀರಿಕೊಂಡು 80 ವರ್ಷಕ್ಕೆ ಉತ್ತರ ಸಿಕ್ಕಿತು. ಕೊಟ್ಟಿದ್ದು ಇನ್ನೊಬ್ಬ ದೊಡ್ಡ ಸರ್ಜನ್‌ನ ಕೈಚಳಕ ಅಲ್ಲ, ಚೀಟಿಗೆ ಒಪ್ಪಿದ ಆ ಹೆಂಗಸರು.